ಶ್ಲೋಕ ಬಲ್ಲ ರಮಾಬಾಯಿ ಕೆಲಸ ಕಲಿತ ಕಥೆ

ಪಂಡಿತಾ ರಮಾಬಾಯಿ ಎಂದ ಕೂಡಲೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೆನಪಿಗೆ ಬರುವುದು ಎರಡು ಉತ್ತರ. ಆರ್ಯ ಮಹಿಳಾ ಸಮಾಜ, 1882. ಶಾರದಾ ಸದನ, 1889. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಈ ಎರಡು ಇಸವಿಗಳ ಆಚೀಚೆ ಇರುವ ಬದುಕನ್ನು ಓದಿದವರು ಕಡಿಮೆ. ಅಪಾರ ಓದಿದ್ದರೂ ಹೊಟ್ಟೆ ಹೊರೆಯುವ ಒಂದು ಕೆಲಸವೂ ಗೊತ್ತಿಲ್ಲದ ಹುಡುಗಿಯೊಬ್ಬಳು, ಮುಂದೆ ಸುಮಾರು ಎರಡು ಸಾವಿರ ಮಂದಿಗೆ ಊಟವನ್ನೂ ಕೆಲಸವನ್ನೂ ಕೊಟ್ಟ ಕಥೆ ಅದು. ಡಿಗ್ರಿ ಕೈಯಲ್ಲಿ ಹಿಡಿದು ಅರ್ಜಿ ಹಾಕುತ್ತಾ ಕೂತ ನಮ್ಮಂಥವರು ಓದಲೇಬೇಕಾದದ್ದು.

ರಮಾಬಾಯಿ ಹುಟ್ಟಿದ್ದು ನಮ್ಮ ನೆಲದಲ್ಲೇ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎಂಬುದೇ ಆ ಕಾಲದಲ್ಲಿ ದೊಡ್ಡ ಅಪರಾಧವಾಯಿತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಹೆಂಗಸರು ಕಾವ್ಯ ಪುರಾಣಗಳನ್ನು ಓದಬಾರದೆಂದು ಶಾಸ್ತ್ರ ಎಲ್ಲೂ ಹೇಳಿಲ್ಲ ಎಂದು ಅವರು ವಾದಿಸಿ ಸಾಧಿಸಬೇಕಾಯಿತು. ವಾದದಲ್ಲಿ ಗೆದ್ದರೂ ಊರಿನವರ ಮುನಿಸು ಹೋಗಲಿಲ್ಲ. ಸಂಸಾರವನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡಿನೊಳಗೆ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದಲ್ಲಿ ಆಶ್ರಮ ಮಾಡಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು.

ಬಂದ ಅತಿಥಿಗಳಿಗೆ, ವಿದ್ಯಾರ್ಥಿಗಳಿಗೆ ಊಟ ಹಾಕಿ ಹಾಕಿ ತಂದೆಯ ಆಸ್ತಿ ಕರಗಿ ಸಾಲವಾಯಿತು. ಮಗು ಇನ್ನೂ ಆರು ತಿಂಗಳಿನದ್ದಿರುವಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಮಗುವನ್ನು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟದ ಕಾಡು ದಾಟಿಸಿದ. ಅಲ್ಲಿಂದ ಮುಂದೆ ಹಲವು ವರ್ಷ ಅವರಿಗೆ ಮನೆ ಎಂಬುದೇ ಇರಲಿಲ್ಲ. ದೇವಸ್ಥಾನದ ಜಗುಲಿಯಲ್ಲೋ ನದಿಯ ದಡದಲ್ಲೋ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಬಟ್ಟೆ, ಕಾಸಿನಲ್ಲಿ ಬದುಕುವುದು. ರಮಾಬಾಯಿಗೆ ಪಾಠ ಹೇಳಿದವರು ತಾಯಿ. ಹದಿನೈದು ಹದಿನಾರು ವರ್ಷಕ್ಕೆಲ್ಲ ವ್ಯಾಕರಣ, ಕೋಶ, ಭಾಗವತ ಬಾಯಿಗೆ ಬಂದಿದ್ದವು. ಊರೂರು ತಿರುಗುತ್ತಾ ಕನ್ನಡ, ಹಿಂದೂಸ್ತಾನಿ ಭಾಷೆಗಳೂ ಬಂದವು.

ಆಮೇಲೆ ದಕ್ಷಿಣದಲ್ಲಿ ಬರ ಬಿತ್ತು. ಪುರಾಣ ಕೇಳುವವರಿಗೇ ಹೊಟ್ಟೆಗಿಲ್ಲದ ಮೇಲೆ ಪುರಾಣ ಹೇಳುವವರಿಗೆ ಕೊಡುವವರು ಯಾರು? ಕುಟುಂಬ ಇದ್ದ ಪಾತ್ರೆ, ಒಡವೆ, ಬಟ್ಟೆ ಒಂದೊಂದೇ ಮಾರಿತು. ಕೊನೆಗೆ ಕಾಡಿನ ಎಲೆ ತಿನ್ನುವ ಸ್ಥಿತಿ ಬಂತು. ತಂದೆ ನೀರಿಗೆ ಬಿದ್ದು ಪ್ರಾಣ ಬಿಡಲು ನಿರ್ಧರಿಸಿದ್ದರು. ಆಗ ಅಣ್ಣ ಶ್ರೀನಿವಾಸಶಾಸ್ತ್ರಿ ಜಾತಿಯ ಹಮ್ಮು ಬಿಟ್ಟು ಕೂಲಿಗಾದರೂ ಹೋಗುತ್ತೇನೆ ಎಂದು ಮುಂದೆ ಬಂದರು. ಆದರೆ ತಡವಾಗಿತ್ತು. ತಂದೆ ತೀರಿಹೋದರು. ಸ್ವಲ್ಪ ಸಮಯದಲ್ಲೇ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ಜನ ಸಿಗಲಿಲ್ಲ. ಮೂವರು ಗಂಡಸರ ಜೊತೆ ನಾಲ್ಕನೆಯವಳಾಗಿ ರಮಾಬಾಯಿ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ಚಟ್ಟದ ಬಿದಿರನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು.

ಈ ದಿನಗಳ ಬಗ್ಗೆ ರಮಾಬಾಯಿ ಮುಂದೆ ಬರೆದಾಗ ಅಳಲಿಗಿಂತ ಹೆಚ್ಚಾಗಿ ಕಾಣುವುದು ಒಂದು ಲೆಕ್ಕಾಚಾರ. ತಮಗೆ ಅಷ್ಟು ಸಂಸ್ಕೃತ ಬರುತ್ತಿತ್ತು, ಆದರೆ ಕೈಯಿಂದ ಮಾಡುವ ಒಂದು ಕೆಲಸವೂ ಬರುತ್ತಿರಲಿಲ್ಲ. ಕೆಲಸ ಕೇಳುವುದಕ್ಕೆ ಜಾತಿಯ, ಪಾಂಡಿತ್ಯದ ಅಭಿಮಾನ ಅಡ್ಡ ಬಂತು. ಮನೆಯವರನ್ನು ಬರ ಎಷ್ಟು ಕೊಂದಿತೋ ಇದೂ ಅಷ್ಟೇ ಕೊಂದಿತು ಎಂಬ ಅರ್ಥದ ಮಾತು ಅದು. ಅವರ ಉಳಿದ ಬದುಕಿನ ಬಹುಪಾಲು ನಿರ್ಧಾರಗಳ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಅಣ್ಣ ತಂಗಿ ಸಾವಿರಾರು ಮೈಲಿ ನಡೆದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ ನದಿ ದಡದಲ್ಲಿ ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು ಒಣ ಮರಳು ಎಳೆದುಕೊಂಡು ಮಲಗಿದ್ದೂ ಉಂಟು. 1878ರಲ್ಲಿ ಕಲ್ಕತ್ತಾ ತಲುಪಿದಾಗ ರಮಾಬಾಯಿಗೆ 20 ವರ್ಷ. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಕೊಟ್ಟರು. ಪತ್ರಿಕೆಗಳಲ್ಲಿ ಹೆಸರು ಬಂತು, ಸಭೆಗಳಿಗೆ ಕರೆ ಬಂತು. ವೇದ ಹೆಂಗಸರಿಗಲ್ಲ ಎಂದೇ ನಂಬಿ ಬೆಳೆದಿದ್ದ ಅವರನ್ನು ವೇದ ಓದು ಎಂದು ಹುರಿದುಂಬಿಸಿದವರು ಬ್ರಹ್ಮ ಸಮಾಜದ ಕೇಶವಚಂದ್ರ ಸೇನ್. ಅದೇ ಊರಿನಲ್ಲಿ ಯಾರೋ ಒಂದು ಸಂಸ್ಕೃತ ಬೈಬಲ್ ಕೈಗಿಟ್ಟರು. ಸಂಸ್ಕೃತದಲ್ಲಿ ಪಂಡಿತೆಯಾದವರಿಗೆ ಆ ಪುಸ್ತಕದ ಸಂಸ್ಕೃತ ತಲೆಗೆ ಹತ್ತಲಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಬ್ರಾಹ್ಮಣರಲ್ಲ, ಮದುವೆ ನೋಂದಣಿ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಹೋದರು. ವಯಸ್ಸು 23, ಕೈಯಲ್ಲಿ ಕೂಸು, ಹಣೆಯಲ್ಲಿ ವಿಧವೆ ಎಂಬ ಹೆಸರು. ಗಂಡನ ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಅದರ ಬಗ್ಗೆ ಕುತೂಹಲ ಹುಟ್ಟಿದ್ದನ್ನು ಗಂಡ ಮೆಚ್ಚಿರಲಿಲ್ಲ. ಕುತೂಹಲ ಮಾತ್ರ ಉಳಿಯಿತು.

ಪುಣೆಗೆ ಬಂದ ರಮಾಬಾಯಿ ಹೆಂಗಸರ ಸಂಘ ಕಟ್ಟಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು, ಶಿಕ್ಷಣದ ಬಗ್ಗೆ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ಹೇಳಿದರು. ತಾವೇ ವೈದ್ಯೆ ಆಗಬೇಕೆಂದು ಪುಸ್ತಕ ಮಾರಿದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಆದರೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ವೈದ್ಯಕೀಯ ಓದು ಆಗದು ಎಂದಾಯಿತು. ಜೊತೆಗೆ ಬಂದಿದ್ದ ಗೆಳತಿ ಅಲ್ಲೇ ಸಾವಿಗೀಡಾದರು. ಗೊತ್ತಿಲ್ಲದ ದೇಶ, ಮುರಿದ ಯೋಜನೆ, ಎರಡು ವರ್ಷದ ಮಗಳು. ಕನಸಿನ ಕೋರ್ಸಿಗೆ ಸೀಟು ತಪ್ಪಿದವರಿಗೆ ಈ ಘಟ್ಟ ಚೆನ್ನಾಗಿ ಅರ್ಥವಾದೀತು.

ಅವರು ಉಳಿದುಕೊಂಡಿದ್ದು ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ. ಕ್ರೈಸ್ತರಾಗುವುದಿಲ್ಲ ಎಂದು ಹೇಳಿಯೇ ಹೊರಟಿದ್ದವರು ಅದೇ ವರ್ಷ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಯಾಕೆ? ಆ ಕಾಲದಲ್ಲಿ ಪುಣೆಯ ತುಂಬ ಇದೇ ಪ್ರಶ್ನೆ. ಹಣಕ್ಕಾಗಿ, ಆಶ್ರಯಕ್ಕಾಗಿ ಎಂದವರು ಬಹಳ. ರಮಾಬಾಯಿ ಕೊಟ್ಟ ಕಾರಣ ಬೇರೆ. ಅಕ್ಕಂದಿರು ಅವರನ್ನು ಲಂಡನ್ನಿನ ಫುಲ್ಹಮ್‌ನಲ್ಲಿದ್ದ ಒಂದು ಆಶ್ರಯಕ್ಕೆ ಕರೆದೊಯ್ದಿದ್ದರು. ಸಮಾಜ ಕೆಟ್ಟವರೆಂದು ತಳ್ಳಿದ ಹೆಂಗಸರು ಅಲ್ಲಿದ್ದರು. ಅಂಥವರನ್ನು ಮುಟ್ಟಿ, ಉಣ್ಣಿಸಿ, ಕೆಲಸ ಕಲಿಸಿ ಮತ್ತೆ ಬದುಕಿಗೆ ಬಿಡುತ್ತಿದ್ದರು. ಇದನ್ನು ಏಕೆ ಮಾಡುತ್ತೀರಿ ಎಂದು ರಮಾಬಾಯಿ ಕೇಳಿದಾಗ ಸಿಸ್ಟರ್ ಒಬ್ಬರು ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ಓದಿ ಹೇಳಿದರು. ಬಾವಿಕಟ್ಟೆಯಲ್ಲಿ ಯೇಸು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುವ ಪ್ರಸಂಗ ಅದು. ಊರೇ ಹಗುರವಾಗಿ ಕಾಣುವ ಹೆಂಗಸು, ಮೇಲಾಗಿ ಬೇರೆ ಪಂಗಡದವಳು. ಅವಳ ಜೊತೆ ದೇವರ ವಿಷಯ ಮಾತಾಡಿದ ಗುರು. ಧರ್ಮಗ್ರಂಥಗಳನ್ನು ಅಷ್ಟು ಓದಿದ್ದ ರಮಾಬಾಯಿಗೆ ಹೆಣ್ಣನ್ನು ಹೀಗೆ ನಡೆಸಿಕೊಂಡ ಇನ್ನೊಂದು ಕಥೆ ನೆನಪಾಗಲಿಲ್ಲ. ನೆಹೆಮಿಯಾ ಗೋರೆ ಎಂಬ, ಅವರಂತೆಯೇ ಚಿತ್ಪಾವನ ಬ್ರಾಹ್ಮಣರಾಗಿ ಹುಟ್ಟಿದ ಪಾದ್ರಿಯ ಬರಹಗಳೂ ಅವರನ್ನು ಒಪ್ಪಿಸಿದವು. ಆದರೂ ನನ್ನ ಓದಿನಲ್ಲಿ, ತತ್ವಕ್ಕಿಂತ ಮೊದಲು ಅವರು ಮನಸೋತದ್ದು ಆ ಆಶ್ರಯದ ದಿನಚರಿಗೆ.

ಕ್ರೈಸ್ತರಾದರೆಂದು ಹೇಳಿದಂತೆ ಕೇಳುವವರಾದರು ಎಂದು ಭಾವಿಸಬೇಡಿ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಬೇಡ, ಸಂಸ್ಕೃತ ಇರಲಿ ಎಂದರು. ಮಾಂಸ ಮುಟ್ಟಲಿಲ್ಲ, ಕೊನೆಯವರೆಗೂ ಸಸ್ಯಾಹಾರಿ. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತಾ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡು ಹುಡುಗರಿಗೆ ಅವರು ಪಾಠ ಹೇಳಬಾರದೆಂದು ಬಿಷಪ್‌ಗಳು ಅಡ್ಡ ಬಂದರು. ಗಂಡಸರ ಸಭೆಗಳಲ್ಲಿ ಮಾತಾಡಿ ಬಂದ ತನಗೆ ಇದೆಂಥ ಕಟ್ಟು ಎಂದು ರಮಾಬಾಯಿ ಕಟುವಾಗಿಯೇ ಉತ್ತರ ಬರೆದರು. ತಮ್ಮ ದೀಕ್ಷಾಮಾತೆ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರ ತುಂಬ ಇಂಥ ಜಗಳವೇ. ಪುರೋಹಿತರ ಆಳ್ವಿಕೆಯಿಂದ ಹೊರಗೆ ಬಂದವಳು ಇನ್ನೊಂದು ಪುರೋಹಿತವರ್ಗಕ್ಕೆ ತಲೆ ಬಾಗಿಸಲಾರೆ ಎಂಬುದು ಅವರ ನಿಲುವು. ಯೇಸುವಿಗೆ ಶಿಷ್ಯೆ, ಬಿಷಪ್ಪರಿಗಲ್ಲ. ಇತ್ತ ಪುಣೆಯಲ್ಲಿ ಅವರ ಪರ ನಿಂತು ಬರೆದವರಲ್ಲಿ ಜ್ಯೋತಿರಾವ್ ಫುಲೆ ಒಬ್ಬರು.

1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯೆಯಾಗುವ ಸಮಾರಂಭಕ್ಕೆಂದು ಅಮೆರಿಕೆಗೆ ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ಶಿಶುವಿಹಾರದ ಪದ್ಧತಿ ಕಲಿತರು, ಭಾಷಣ ಮಾಡಿದರು, ಮೇಲ್ಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್‌ನಲ್ಲಿ ಒಂದು ಸಂಘ ಹುಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿತು. ಷರತ್ತು ಒಂದೇ, ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇರಬಾರದು.

1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಬಂತು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. 1893ರಲ್ಲಿ ಅವರನ್ನು ಮದುವೆಯಾದವರು, ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿ ಭಾರತ ರತ್ನ ಪಡೆದ ಧೋಂಡೋ ಕೇಶವ ಕರ್ವೆ. ಸದನದ ಹುಡುಗಿಯರು ತಮ್ಮ ತಮ್ಮ ಜಾತಿಯ ಕಟ್ಟಳೆಯಂತೆ ಉಣ್ಣುವುದಕ್ಕೆ, ಪೂಜೆ ಮಾಡುವುದಕ್ಕೆ ಅಡ್ಡಿ ಇರಲಿಲ್ಲ. ರಾನಡೆ, ಭಂಡಾರ್ಕರ್ ಅವರಂಥ ದೊಡ್ಡವರು ಸಲಹಾ ಸಮಿತಿಯಲ್ಲಿದ್ದರು.

ತೊಡಕು ಬಂದದ್ದು ಒಂದು ಬಾಗಿಲಿನಿಂದ. ಬೆಳಗಿನ ಹೊತ್ತು ಮಗಳ ಜೊತೆ ಪ್ರಾರ್ಥನೆ ಮಾಡುವಾಗ ರಮಾಬಾಯಿ ತಮ್ಮ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಕರೆಯಲಿಲ್ಲ, ಬಂದವರನ್ನು ಕಳಿಸಲೂ ಇಲ್ಲ ಎಂಬುದು ಅವರ ಉತ್ತರ. ಷರತ್ತು ಮುರಿಯಿತು ಎಂಬುದು ಸಮಿತಿಯ ವಾದ. ಕೇಸರಿ ಪತ್ರಿಕೆಯಲ್ಲಿ ತಿಲಕರು ಕಟುವಾಗಿ ಬರೆದರು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು, ಹಲವು ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇಲ್ಲಿ ಒಂದು ಕಡೆಯವರನ್ನೇ ಸರಿ ಎನ್ನುವುದು ನನಗೆ ಸಾಧ್ಯವಾಗಿಲ್ಲ. ನಂಬಿ ಮಗಳನ್ನು ಬಿಟ್ಟುಹೋದ ತಂದೆಯ ದಿಗಿಲು ಸುಳ್ಳಲ್ಲ, ಆಶ್ರಯ ಕೊಟ್ಟವರ ಮಾತು ಆಶ್ರಯ ಬೇಡಿ ಬಂದವರ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಆದರೆ ಮನೆಯೊಳಗೆ ಒಂದು, ಹೊರಗೆ ಒಂದು ಎಂದು ಬದುಕಲು ಆ ಹೆಂಗಸಿನಿಂದ ಆಗುತ್ತಿರಲಿಲ್ಲ. ಬಾಗಿಲು ಹಾಕಿಕೊಂಡಿದ್ದರೆ ಸದನದ ಹೆಸರು ಉಳಿಯುತ್ತಿತ್ತು. ಹಾಕಲಿಲ್ಲ, ಬೆಲೆಯನ್ನೂ ತೆತ್ತರು.

ವಿಚಿತ್ರವೆಂದರೆ, ಇಷ್ಟೆಲ್ಲ ನಿಂದೆ ಹೊತ್ತ ಆ ವರ್ಷಗಳ ಬಗ್ಗೆ ರಮಾಬಾಯಿಯೇ ಹೇಳಿಕೊಂಡದ್ದು ಬೇರೆ. ದೀಕ್ಷೆ ಪಡೆದು ಎಂಟು ವರ್ಷ ಕಳೆದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲ ಎಂದು ಅವರಿಗೆ ಅನ್ನಿಸಿತಂತೆ. ಅಲ್ಲಿಂದ ಮುಂದೆ ಅವರ ಭಕ್ತಿ ವಾದದ ದಾರಿ ಬಿಟ್ಟು ಕೆಲಸದ ದಾರಿ ಹಿಡಿಯಿತು.

ಬಾಸ್ಟನ್ನಿನ ಹತ್ತು ವರ್ಷದ ಹಣ 1898ಕ್ಕೆ ಮುಗಿಯುವುದಿತ್ತು. ಅದಕ್ಕೆ ಮೊದಲೇ ಪುಣೆಯಿಂದ ದೂರದ ಕೇಡಗಾವ್‌ನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ಹಾಕಿಸಿದ್ದರು, ದಾನ ನಿಂತರೆ ತೋಟದ ಆದಾಯದಲ್ಲಿ ಶಾಲೆ ನಡೆಯಲಿ ಎಂದು. ಪುರಾಣ ಓದಿ ದಕ್ಷಿಣೆಗೆ ಕಾದವರ ಮಗಳ ಲೆಕ್ಕ ಇದು. ಅಷ್ಟರಲ್ಲಿ 1896ರ ಕೊನೆಗೆ ಮಧ್ಯಪ್ರಾಂತ್ಯದಲ್ಲಿ ಬರ ಬಂತು. ಎಲುಬಿನ ಗೂಡಾದ ಹುಡುಗಿಯರ ಸುದ್ದಿ ಕೇಳಿ, 20 ವರ್ಷದ ಹಿಂದಿನ ತಮ್ಮ ಹಸಿವು ನೆನಪಾಗಿ, ತಾವೇ ಹೊರಟರು. ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್. ಊರಿನಲ್ಲಿ ಇಷ್ಟು ಜನರನ್ನು ಇಡುವಂತಿರಲಿಲ್ಲ. ಎಲ್ಲರನ್ನೂ ಕೇಡಗಾವ್‌ನ ಬಯಲಿನಲ್ಲಿ ತಾತ್ಕಾಲಿಕ ಗುಡಿಸಲು ಹಾಕಿ ಇಳಿಸಿದರು. ಮುಕ್ತಿ ಎಂಬ ಸಂಸ್ಥೆ ಬೆಳೆದದ್ದು ಹೀಗೆ. 1900ರಲ್ಲಿ ಗುಜರಾತಿನ ಬರ ಬಂದಾಗ ಅಲ್ಲಿನ ಜನಸಂಖ್ಯೆ ಸುಮಾರು 2000 ಮುಟ್ಟಿತು. ಪ್ಲೇಗ್ ಆಸ್ಪತ್ರೆಗಳಲ್ಲಿ ಹೆಂಗಸರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಖಂಡಿಸಿ ಬ್ರಿಟಿಷ್ ಸರ್ಕಾರದ ವಿರುದ್ಧ ಬಹಿರಂಗ ಪತ್ರ ಬರೆದದ್ದೂ ಇದೇ ಕಾಲದಲ್ಲಿ. ವಿದೇಶಿ ಧರ್ಮ ಸೇರಿದವಳು ವಿದೇಶಿ ಸರ್ಕಾರದ ಪರ ಎಂಬ ಮಾತು ಎಷ್ಟು ಪೊಳ್ಳು ಎಂದು ತೋರಿಸಲು ಇದೊಂದು ಸಾಕು.

ಎರಡು ಸಾವಿರ ಮಂದಿ ಎಂದರೆ ಏನು ಎಂದು ಒಮ್ಮೆ ಯೋಚಿಸಿ. ನಮ್ಮ ಒಂದು ಹಾಸ್ಟೆಲಿನಲ್ಲಿ 200 ಮಂದಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಾರು ಇಳಿಸುವುದು ಎಷ್ಟು ಕಷ್ಟವೆಂದು ಮೆಸ್ಸಿನಲ್ಲಿ ಉಂಡವರಿಗೆಲ್ಲ ಗೊತ್ತು. ಅಲ್ಲಿ ಬಾವಿ ತೋಡಬೇಕಿತ್ತು, ಕಾಳು ಬೀಸಬೇಕಿತ್ತು, ರೋಗಿಗಳನ್ನು ಬೇರೆ ಇಡಬೇಕಿತ್ತು. ಬರದಿಂದ ಬಂದ ಮಕ್ಕಳಿಗೆ ಮೊದಲು ಹುಣ್ಣು ತೊಳೆಯುವುದು, ತಲೆ ಬಾಚುವುದು, ಉಂಡದ್ದು ಅರಗುವಂತೆ ಸ್ವಲ್ಪ ಸ್ವಲ್ಪವೇ ಉಣಿಸುವುದು. ರಮಾಬಾಯಿಯ ಶಿಷ್ಯತ್ವ ನಡೆದದ್ದು ಇಂಥ ಕೆಲಸಗಳ ನಡುವೆ. ಪ್ರಾರ್ಥನೆಗೆ ಅವರು ಕೊಟ್ಟ ಹೊತ್ತು ಬಹಳ, ನಸುಕಿನಲ್ಲೇ ಏಳುತ್ತಿದ್ದರು. ಆದರೆ ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೆ ಬೇರೆ ಮುಖ ಇರಲಿಲ್ಲ, ಅದೇ ಮುಂದುವರಿಯುತ್ತಿತ್ತು. ಉಡುತ್ತಿದ್ದದ್ದು ಬಿಳಿಯ ಹತ್ತಿ ಸೀರೆ.

ಓದಲು ಬರೆಯಲು ಎಲ್ಲರೂ ಕಲಿಯಬೇಕು, ಅದರ ಜೊತೆಗೆ ಒಂದು ಕೈಕೆಲಸವನ್ನೂ ಕಲಿಯಬೇಕು. ಇದು ಮುಕ್ತಿಯ ನಿಯಮ. ಮಗ್ಗ, ಹೊಲಿಗೆ, ಎಣ್ಣೆ ಗಾಣ, ಹೈನು, ಹೊಲದ ಕೆಲಸ, ಅಡಿಗೆ, ದಾದಿಯ ಕೆಲಸ, ಅಚ್ಚುಕೂಟ. ಕಣ್ಣು ಕಾಣದವರಿಗೆ ಮನೋರಮಾ ಬ್ರೈಲ್ ಕಲಿಸಿದರು, ಅವರೂ ಬುಟ್ಟಿ ಹೆಣೆದು ದುಡಿದರು. ಫುಲ್ಹಮ್‌ನಲ್ಲಿ ಕಂಡದ್ದರ ನೆನಪಿಗೋ ಎಂಬಂತೆ, ದಾರಿ ತಪ್ಪಿದವರೆಂದು ಜನ ಬಿಟ್ಟ ಹೆಂಗಸರಿಗೆ ಕೃಪಾ ಸದನ ಎಂಬ ಬೇರೆ ಮನೆ ಇತ್ತು. ಬ್ರಾಹ್ಮಣ ವಿಧವೆ, ಕೂಲಿಯವರ ಮಗಳು, ಯಾರೆಂದೇ ಗೊತ್ತಿಲ್ಲದ ಅನಾಥೆ ಒಂದೇ ಕಡೆ ಉಂಡರು. ಅವರಲ್ಲಿ ಬಹುಪಾಲು ಮಂದಿ ಕ್ರೈಸ್ತರಾದರು. ಹಸಿದು ಬಂದ ಮಗುವಿಗೆ ಅದು ಎಷ್ಟರಮಟ್ಟಿಗೆ ಸ್ವಂತ ಆಯ್ಕೆ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ, ಕೇಳುವುದು ತಪ್ಪೇನಲ್ಲ. ವಯಸ್ಸಾದಂತೆ ರಮಾಬಾಯಿ ಬಿಗಿಯಾದರು, ಸಾರ್ವಜನಿಕ ಚರ್ಚೆಗಳಿಂದ ಹಿಂದೆ ಸರಿದರು ಎಂಬುದೂ ನಿಜ. ನನಗಂತೂ ಪುಣೆಯ ಸಭೆಯಲ್ಲಿ ವಾದಿಸುತ್ತಿದ್ದ 24ರ ರಮಾಬಾಯಿ ಇನ್ನಷ್ಟು ಕಾಲ ಇರಬೇಕಿತ್ತು ಅನ್ನಿಸುತ್ತದೆ.

ಕರ್ನಾಟಕದ ಜೊತೆ ಅವರ ನಂಟು ಗಂಗಾಮೂಲದಲ್ಲೇ ಮುಗಿಯಲಿಲ್ಲ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾದಲ್ಲಿ 1912ರ ಸುಮಾರಿಗೆ ಮನೋರಮಾ ಒಂದು ಪ್ರೌಢಶಾಲೆ ತೆರೆದರು. ಅಮ್ಮನ ನಂತರ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದವಳು ಆ ಮಗಳೇ.

ರಮಾಬಾಯಿಯ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷ ಹೋದದ್ದು ಒಂದು ಅನುವಾದಕ್ಕೆ. ಅಂದಿದ್ದ ಮರಾಠಿ ಬೈಬಲ್ ಸಂಸ್ಕೃತ ಪದಗಳಿಂದ ತುಂಬಿತ್ತು. ಮುಕ್ತಿಯ ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೆ ಅದು ಅರ್ಥವಾಗುತ್ತಿರಲಿಲ್ಲ. ಕಲ್ಕತ್ತಾದಲ್ಲಿ ಆ ಸಂಸ್ಕೃತ ಬೈಬಲ್ ಹಿಡಿದು ತಬ್ಬಿಬ್ಬಾದ ದಿನ ಅವರಿಗೆ ನೆನಪಿತ್ತೋ ಏನೋ. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಮೂಲದಿಂದಲೇ ಇಡೀ ಬೈಬಲನ್ನು ಹಳ್ಳಿಯ ಆಡುಮಾತಿಗೆ ಹತ್ತಿರವಾದ ಮರಾಠಿಗೆ ತಂದರು. ಸರಸ್ವತಿ ಎಂದು ಬಿರುದು ಪಡೆದವರು ಪುಟಪುಟದಲ್ಲೂ ಸಂಸ್ಕೃತ ಪದಗಳನ್ನು ಹುಡುಕಿ ಹೊರಗೆ ಹಾಕುತ್ತಾ ಕೂತರು. ಅಕ್ಷರ ಜೋಡಿಸಿದವರು, ಯಂತ್ರ ನಡೆಸಿದವರು, ಹೊಲಿದು ಪುಸ್ತಕ ಮಾಡಿದವರು ಎಲ್ಲ ಮುಕ್ತಿಯ ಹೆಣ್ಣುಮಕ್ಕಳೇ. ಕಿವಿ ಹೆಚ್ಚು ಕಡಿಮೆ ಪೂರ್ತಿ ಹೋಗಿತ್ತು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ ಮನೋರಮಾ 40ರ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು.

ರಮಾಬಾಯಿ ಮತ್ತೆ ಕರಡು ತಿದ್ದಲು ಕೂತರು. ಆ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಅಚ್ಚುಕೂಟದ ಹುಡುಗಿಯರು ಕೆಲಸ ನಿಲ್ಲಿಸಲಿಲ್ಲ. ಪೂರ್ತಿ ಪುಸ್ತಕ 1924ರಲ್ಲಿ ಹೊರಬಂತು.